ಕಿಟ್ ಆಮೇಲೆ, ಮೊದಲು ಬೆಳಕು–ನೀರು ನೋಡಿ

ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ಕಿಟ್ ತಂದು ಎರಡೇ ತಿಂಗಳಲ್ಲಿ ಅಟ್ಟಕ್ಕೇರಿಸಿದವರು ನಮ್ಮ ಅಪಾರ್ಟ್‌ಮೆಂಟಿನಲ್ಲೇ ಮೂವರಿದ್ದೇವೆ. ನನ್ನ ಕಥೆ ಹೀಗೆ: ಬೀಜ ಮೊಳೆಯಿತು, ಸಸಿ ಎದ್ದಿತು, ಆಮೇಲೆ ನೂಲಿನಂತೆ ಉದ್ದಕ್ಕೆ ಎಳೆದುಕೊಂಡು ಕಿಟಕಿಯ ಕಡೆ ವಾಲಿ ಮಲಗಿಬಿಟ್ಟಿತು. ಬೀಜ ಹಳೆಯದೆಂದು ಅಂಗಡಿಯವನನ್ನು ಬೈದುಕೊಂಡೆ. ಅವನ ತಪ್ಪೇನೂ ಇರಲಿಲ್ಲ. ನನ್ನ ಕೋಣೆಯಲ್ಲಿ ಬೆಳಕೇ ಇರಲಿಲ್ಲ. ಮಣ್ಣಿನಲ್ಲಿ ಬಿತ್ತಿದರೆ ನಮ್ಮ ಎಷ್ಟೋ ತಪ್ಪುಗಳನ್ನು ಮಣ್ಣೇ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನೀರಿನಲ್ಲಿ ಬೆಳೆಸುವಾಗ ಆ ಸವಲತ್ತಿಲ್ಲ.

ಇಲ್ಲಿ ಹೇಳುತ್ತಿರುವುದು ಪಂಪು, ಪೈಪು ಯಾವುದೂ ಬೇಡದ ವಿಧಾನ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಅವರು ರೂಪಿಸಿದ್ದರಿಂದ ಕ್ರಾಟ್ಕಿ ವಿಧಾನವೆಂದೇ ಹೆಸರು. ಮುಚ್ಚಳದ ಡಬ್ಬ, ಅದರಲ್ಲಿ ಪೋಷಕಾಂಶ ಬೆರೆಸಿದ ನೀರು, ಮುಚ್ಚಳದ ತೂತಿನಲ್ಲಿ ಗಿಡ. ಲೆಟ್ಯೂಸ್, ಪಾಲಕ್, ಕೊತ್ತಂಬರಿಯಂಥ ಸೊಪ್ಪಿಗೆ ಇಷ್ಟು ಸಾಕು. ಮೊದಲ ಸಲವೇ ಟೊಮೆಟೊ ಹಾಕುವ ಆಸೆ ಬೇಡ.

ಬೆಳಕು: ಕಣ್ಣನ್ನು ನಂಬಬೇಡಿ

ನಮಗೆ ಝಗಮಗ ಎನಿಸುವ ಹಾಲ್ ಗಿಡಕ್ಕೆ ಕತ್ತಲೆಮನೆ. ಮಧ್ಯಾಹ್ನದ ಬಯಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ). ರಾತ್ರಿ ದೀಪ ಹಾಕಿದ ಕೋಣೆಯಲ್ಲಿ ಸಿಗುವುದು 100ರಿಂದ 300. ಸೊಪ್ಪಿಗೆ ಕಡಿಮೆಯೆಂದರೂ 10 ಸಾವಿರ ಲಕ್ಸ್ ಬೆಳಕು ದಿನಕ್ಕೆ 14ರಿಂದ 16 ಗಂಟೆ ಬೀಳಬೇಕು. ಮೊಬೈಲಿನ ಲಕ್ಸ್ ಆ್ಯಪ್ ಪಕ್ಕಾ ಲೆಕ್ಕ ಕೊಡದಿದ್ದರೂ, ಗಿಡ ಇಡುವ ಜಾಗದಲ್ಲಿ ಹಿಡಿದು ನೋಡಿದರೆ ನಿಮ್ಮ ಭ್ರಮೆ ಹರಿಯುತ್ತದೆ.

ನೇರಳೆ ಬಣ್ಣದ ದುಬಾರಿ ಗ್ರೋ ಲೈಟೇ ಆಗಬೇಕೆಂದಿಲ್ಲ. ನಾಲ್ಕು ಅಡಿ ಉದ್ದ, ಒಂದು ಅಡಿ ಅಗಲದ ಹಲಗೆಗೆ 20 ವಾಟ್‌ನ ಮೂರು ಬಿಳಿ ಎಲ್‌ಇಡಿ ಟ್ಯೂಬ್‌ಲೈಟ್ ಸಾಕು. ಎಲೆಯ ತುದಿಯಿಂದ ಆರೆಂಟು ಇಂಚು ಮೇಲೆ ತೂಗುಬಿಡಿ, ಗಿಡ ಬೆಳೆದಂತೆ ಮೇಲೇರಿಸಿ. ಹಿಂದೆ, ಪಕ್ಕದಲ್ಲಿ ಬಿಳಿ ಥರ್ಮಾಕೋಲ್ ನಿಲ್ಲಿಸಿದರೆ ಚೆಲ್ಲಿಹೋಗುವ ಬೆಳಕು ಮತ್ತೆ ಎಲೆಗೇ ಬೀಳುತ್ತದೆ. ಒಂದು ಟೈಮರ್ ಹಾಕಿ. ನೆನಪಿನ ಮೇಲೆ ಬಿಟ್ಟರೆ ಎರಡನೇ ವಾರಕ್ಕೆ ಮರೆಯುತ್ತೀರಿ. 60 ವಾಟ್ 14 ಗಂಟೆ ಉರಿದರೆ ತಿಂಗಳಿಗೆ 25 ಯೂನಿಟ್. ಸೊಪ್ಪಿನ ಗಾಡಿಯವರ ಕಟ್ಟಿಗಿಂತ ಇದು ಅಗ್ಗವಾಗುತ್ತದೆಂದು ಯಾರಾದರೂ ಹೇಳಿದರೆ ನಂಬಬೇಡಿ.

ನೀರು: ಸಾಫ್ಟ್‌ನರ್ ಮಾಡುವ ಮೋಸ

ಮುನ್ನೂರು ನಾನೂರು ರೂಪಾಯಿಯ ಟಿಡಿಎಸ್ ಪೆನ್ ಕೊಳ್ಳಿ, ನೀರಿನಲ್ಲಿ ಕರಗಿರುವ ಲವಣ ಎಷ್ಟೆಂದು ಅದು ತೋರಿಸುತ್ತದೆ. ನಲ್ಲಿಯ ನೀರಿನಲ್ಲಿ ಅದ್ದಿದಾಗ 200ರ ಒಳಗಿದ್ದರೆ ಚಿಂತೆಯಿಲ್ಲ, ಒಂದು ರಾತ್ರಿ ತೆರೆದ ಬಕೆಟ್‌ನಲ್ಲಿಟ್ಟು ಕ್ಲೋರಿನ್ ಹೋಗಲು ಬಿಡಿ. ಬೆಂಗಳೂರಿನ ಬೋರ್‌ವೆಲ್ ನೀರು ಸಾವಿರ ದಾಟುವುದೂ ಉಂಟು. ಅಂಥ ನೀರಿಗೆ ಆರ್‌ಒ ನೀರು ಬೆರೆಸಿ 200–300ಕ್ಕೆ ಇಳಿಸಿಕೊಳ್ಳಬೇಕು.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ಅಪಾರ್ಟ್‌ಮೆಂಟಿನ ವಾಟರ್ ಸಾಫ್ಟ್‌ನರ್ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಗಿಡಕ್ಕೆ ಮಾತ್ರ ಉಪ್ಪುನೀರು ಕುಡಿಸಿದ ಹಾಗೆ. ಪೆನ್ನಿನ ಅಂಕಿ ಹೆಚ್ಚು ಕಡಿಮೆ ಅಷ್ಟೇ ತೋರಿಸುವುದರಿಂದ ಗೊತ್ತೇ ಆಗುವುದಿಲ್ಲ. ನಿಮ್ಮ ನಲ್ಲಿಗೆ ಬರುವುದು ಯಾವ ನೀರೆಂದು ನಿರ್ವಹಣೆಯವರನ್ನು ಕೇಳಿ ತಿಳಿದುಕೊಳ್ಳಿ.

ಪೋಷಕಾಂಶ ‘ಎ’ ಮತ್ತು ‘ಬಿ’ ಎಂದು ಎರಡು ಬಾಟಲಿಯಲ್ಲಿ ಬರುತ್ತದೆ. ಎರಡನ್ನೂ ಒಂದೇ ಲೋಟಕ್ಕೆ ಸುರಿದು ಕದಡಿದ್ದು ನನ್ನ ಎರಡನೇ ಸಾಹಸ. ಕ್ಷಣದಲ್ಲೇ ಹಾಲು ಒಡೆದಂತೆ ಬೆಳ್ಳಗಾಗಿ, ತಳದಲ್ಲಿ ಸುಣ್ಣದಂಥ ಗಸಿ ಕೂತಿತು. ಒಂದರಲ್ಲಿರುವ ಕ್ಯಾಲ್ಸಿಯಂ ಇನ್ನೊಂದರ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಗಟ್ಟಿಯಾದರೆ ಬೇರು ಅದನ್ನು ಹೀರಲಾರದು. ಆದ್ದರಿಂದ ಡಬ್ಬದ ತುಂಬ ನೀರು ಮೊದಲು, ಅದಕ್ಕೆ ‘ಎ’, ಚೆನ್ನಾಗಿ ಕದಡಿ, ಆಮೇಲೆ ‘ಬಿ’. ಲೆಟ್ಯೂಸ್‌ಗೆ ಟಿಡಿಎಸ್ 600ರಿಂದ 800 ಸಾಕು. ಎಳೆ ಸಸಿಗೆ ಅದರಲ್ಲಿ ಅರ್ಧ. ಹೆಚ್ಚು ಹಾಕಿದರೆ ಎಲೆಯಂಚು ಸುಡುತ್ತದೆ.

ಕೊನೆಯಲ್ಲಿ ಪಿಎಚ್, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬ ಅಳತೆ, ನೋಡಿ. 5.5ರಿಂದ 6.5ರ ನಡುವೆ ಇರಬೇಕು. 7 ದಾಟಿದರೆ ಕಬ್ಬಿಣದಂಶ ನೀರಿನಲ್ಲಿದ್ದೂ ಗಿಡದ ಕೈಗೆ ಸಿಗುವುದು ಕಷ್ಟ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಕಂಡರೆ ಮೊದಲ ಅನುಮಾನ ಪಿಎಚ್ ಮೇಲಿರಲಿ. ನಿಂಬೆರಸ ಹಿಂಡಿದರೆ ಇಳಿಯುತ್ತದೆ ನಿಜ, ಒಂದೆರಡು ದಿನದಲ್ಲಿ ಮತ್ತೆ ಏರುತ್ತದೆ. ‘ಪಿಎಚ್ ಡೌನ್’ ಎಂದು ಮಾರುವ ಫಾಸ್ಫರಿಕ್ ಆಮ್ಲವನ್ನು ಕೈಗವಸು ತೊಟ್ಟು, ಒಂದೊಂದೇ ಹನಿ ಹಾಕಿ.

ಡಬ್ಬ, ಬೇರು, ಗಾಳಿ

ಬೆಳಕು ಒಳಗೆ ಹೋಗದ ಡಬ್ಬವೇ ಬೇಕು, ಇಲ್ಲದಿದ್ದರೆ ವಾರದೊಳಗೆ ಪಾಚಿ. ಪಾರದರ್ಶಕ ಡಬ್ಬವೇ ಮನೆಯಲ್ಲಿದ್ದರೆ ಹೊರಗೆ ಕಪ್ಪು, ಅದರ ಮೇಲೆ ಬಿಳಿ ಬಣ್ಣ ಹೊಡೆಯಿರಿ. ಒಂದು ಲೆಟ್ಯೂಸ್‌ಗೆ ಸುಮಾರು 4 ಲೀಟರ್ ನೀರು ಲೆಕ್ಕ ಹಿಡಿಯಿರಿ. ತೂತಿನಿಂದ ತೂತಿಗೆ ಎಂಟು ಇಂಚು ದೂರವಿರಲಿ.

ಬೀಜವನ್ನು ಕೊಕೊಪೀಟ್‌ನಲ್ಲಿ (ತೆಂಗಿನ ನಾರಿನ ಪುಡಿ) ಮೊಳೆಸಿ. ಅಗ್ಗದ ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ, ಅಕ್ಕಿ ತೊಳೆದಂತೆ ಎರಡು ಮೂರು ಸಲ ತೊಳೆಯಿರಿ. ಕೊತ್ತಂಬರಿ ಬೀಜವನ್ನು ಅಂಗೈಯಿಂದ ಉಜ್ಜಿ ಎರಡು ಹೋಳು ಮಾಡಿಯೇ ಹಾಕಬೇಕೆಂಬುದನ್ನು ಅಮ್ಮಂದಿರು ಹೇಳಿಕೊಟ್ಟೇ ಇರುತ್ತಾರೆ. ಎರಡು ವಾರದ ಸಸಿಯನ್ನು ಜಾಲರಿ ಕುಂಡದಲ್ಲಿಟ್ಟು ಮುಚ್ಚಳದ ತೂತಿನಲ್ಲಿ ಕೂರಿಸಿ, ಕುಂಡದ ತಳ ಅರ್ಧ ಇಂಚು ಮಾತ್ರ ನೀರಿಗೆ ತಾಗಲಿ.

ಗಿಡ ಕುಡಿದಂತೆ ನೀರು ಇಳಿಯುತ್ತದೆ, ಬೇರಿನ ಮೇಲ್ಭಾಗ ಗಾಳಿಯಲ್ಲಿ ಉಳಿಯುತ್ತದೆ. ಆ ಬೇರು ಉಸಿರಾಡುವುದೇ ಅಲ್ಲಿ. ಪ್ರೀತಿ ಉಕ್ಕಿ ಮತ್ತೆ ಕಂಠಪೂರ್ತಿ ತುಂಬಿದಿರೋ, ಗಿಡ ಉಸಿರುಕಟ್ಟಿ ಬಾಡುತ್ತದೆ. ತೀರಾ ಕಡಿಮೆಯಾದರೆ ಡಬ್ಬದ ತಳದ ಕಾಲು ಭಾಗ ತುಂಬುವಷ್ಟು ಮಾತ್ರ ಸೇರಿಸಿ.

ನೀರಿನ ಉಷ್ಣತೆ 18ರಿಂದ 24 ಡಿಗ್ರಿ ಇದ್ದರೆ ಚೆಂದ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಇಳಿಯುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ, 30ರಲ್ಲಿ ಏಳೂವರೆ. ಬೇರು ಕಂದಾಗಿ, ಲೋಳೆಯಾಗಿ, ಕೊಳೆತ ವಾಸನೆ ಬಂದರೆ ಆ ನೀರು ಚೆಲ್ಲಿ, ಡಬ್ಬ ತಿಕ್ಕಿ ತೊಳೆದು ಹೊಸದಾಗಿ ಶುರು ಮಾಡಿ. ರಾಯಚೂರಿನ ಏಪ್ರಿಲ್‌ನಲ್ಲಿ ಎಸಿ ಇಲ್ಲದೆ ಲೆಟ್ಯೂಸ್ ಬೆಳೆಯುವ ಹಟ ಯಾಕೆ? ಅದು ಹೂಕಾಂಡ ಬಿಟ್ಟು ಕಹಿಯಾಗುತ್ತದೆ. ಅಲ್ಲಿ ದಂಟು, ಬಸಳೆ ಹಾಕಿ. ಕರಾವಳಿಯ ಮಳೆಗಾಲದಲ್ಲಿ ಪುಟ್ಟ ಫ್ಯಾನ್ ಇರಲಿ, ಎಲೆ ಸಣ್ಣಗೆ ಅಲುಗಾಡುವಷ್ಟು ಗಾಳಿ ಸಾಕು.

ಖಾಲಿ ತೂತಿಗೆಲ್ಲ ಟೇಪ್ ಅಂಟಿಸಿ. ಡಬ್ಬದ ನೀರು ನಿಂತ ನೀರೇ. ಡೆಂಗಿ ಹರಡುವ ಸೊಳ್ಳೆಗೆ ಅದು ಸೊಪ್ಪಿನ ತೋಟವೋ ಹಳೇ ಟೈರೋ ಎಂಬ ಭೇದವಿಲ್ಲ. ಬಿತ್ತಿದ ಆರು ವಾರಕ್ಕೆ ಹೊರಗಿನ ಎಲೆಗಳನ್ನು ಮುರಿದುಕೊಳ್ಳಲು ಶುರು ಮಾಡಬಹುದು. ಬೆಳೆ ಮುಗಿದ ಮೇಲೆ ಡಬ್ಬದಲ್ಲಿ ಉಳಿದ ನೀರಿಗೆ ಅಷ್ಟೇ ಸಾದಾ ನೀರು ಬೆರೆಸಿ ಬಾಲ್ಕನಿಯ ಕರಿಬೇವಿಗೆ ಹಾಕಿ.