ಐವತ್ತರ ಮೇಲೆ ಮೊದಲ ಸಂಬಳ: ಎಲ್ಲಿಂದ ಶುರು ಮಾಡುವುದು?

ಸಾಗರದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಕೇಳಲು ಹೋದಾಗ ನನಗೆ 51 ವರ್ಷ. ಜನವರಿ ತಿಂಗಳು. "ಇಷ್ಟು ವರ್ಷ ಏನು ಮಾಡುತ್ತಿದ್ದಿರಿ ಅಮ್ಮ?" ಎಂದು ಮಾಲೀಕರು ಕೇಳಿದರು. "ಏನೂ ಇಲ್ಲ, ಮನೆಯಲ್ಲೇ ಇದ್ದೆ" ಎಂದೆ. ಅವರು ತಲೆಯಾಡಿಸಿ ಫೋನ್ ನಂಬರ್ ಬರೆದುಕೊಂಡರು. ಕರೆ ಬರಲಿಲ್ಲ. ಬಂದಿದ್ದರೂ ನನಗೆ ತಿಳಿಯುತ್ತಿರಲಿಲ್ಲ. ನಾನು ಕೊಟ್ಟದ್ದು ಮಗನ ನಂಬರು, ಅವನಿದ್ದದ್ದು ಬೆಂಗಳೂರಿನಲ್ಲಿ.

ಮೇ ತಿಂಗಳಲ್ಲಿ ಅದೇ ಪೇಟೆಯ ಗೊಬ್ಬರ, ಔಷಧಿ ಅಂಗಡಿಗೆ ಸೇರಿದೆ. ಆ ನಾಲ್ಕು ತಿಂಗಳಲ್ಲಿ ನನ್ನ ಧೈರ್ಯ ಒಂದು ಚೂರೂ ಹೆಚ್ಚಿರಲಿಲ್ಲ. ಧೈರ್ಯ ಬರಲಿ, ಆಮೇಲೆ ಹೊರಡೋಣ ಎಂದು ಕಾದು ಕೂತವರು ನನ್ನ ನೆಂಟರಲ್ಲೇ ಐದಾರು ಮಂದಿ ಇದ್ದಾರೆ. ಇನ್ನೂ ಕೂತೇ ಇದ್ದಾರೆ. ನನಗೆ ಅದು ಬಂದದ್ದು ಎರಡನೆಯ ಸಂಬಳದ ಹೊತ್ತಿಗೆ. ಅಲ್ಲಿಯವರೆಗೆ ನಡೆಸಿದ್ದು ತಯಾರಿ ಮಾತ್ರ.

ಮೊದಲು ಒಂದು ನೋಟ್‌ಬುಕ್ಕು

ಎಂಟು ದಿನ, ರಾತ್ರಿ ಊಟವಾದ ಮೇಲೆ, ನೀವು ವರ್ಷವಿಡೀ ಮಾಡುವ ಕೆಲಸಗಳನ್ನು ಬರೆಯಿರಿ. "ಸಂಸಾರ ನೋಡಿಕೊಂಡೆ" ಎಂದು ಬರೆದರೆ ಆ ಹಾಳೆ ಹರಿದುಹಾಕಿ. ಎಷ್ಟು, ಎಷ್ಟು ಜನಕ್ಕೆ, ಎಷ್ಟು ಹೊತ್ತಿಗೆ ಎಂಬುದು ಬರಬೇಕು. ನನ್ನ ಪುಟದಲ್ಲಿ ಇದ್ದ ಮೂರು ಸಾಲುಗಳು ಇವು:

"ಅಡಿಕೆ ಸುಲಿತದ ದಿನಗಳಲ್ಲಿ 14 ಜನರಿಗೆ ತಿಂಡಿ, ಚಹಾ, ಊಟ. ಯಾರು ಎಷ್ಟು ಡಬ್ಬ ಸುಲಿದರು ಎಂಬ ಲೆಕ್ಕ. ಶನಿವಾರ ಬಟವಾಡೆ."

"ಡೇರಿಗೆ ಎರಡು ಹೊತ್ತು ಹಾಲು. ಪಾಸ್‌ಬುಕ್ಕಿನ ಮೊತ್ತ ತಾಳೆ ನೋಡುವುದು. ಒಂದು ಸಲ ತಪ್ಪು ಹಿಡಿದು ಸರಿ ಮಾಡಿಸಿದ್ದೇನೆ."

"ಮಳೆಗೆ ಮುಂಚೆ ಮೈಲುತುತ್ತ, ಸುಣ್ಣ ತರಿಸಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸುವುದು. ಅಡಿಕೆ ಮರ ಹತ್ತುವ ಕೊನೆಗಾರರ ದಿನ ಹೊಂದಿಸುವುದು."

ಬರೆದಾದ ಮೇಲೆ ಪ್ರತಿ ಸಾಲಿನ ಪಕ್ಕದಲ್ಲಿ, ಇದಕ್ಕೆ ಹೊರಗಿನವರು ಯಾರು ದುಡ್ಡು ಕೊಟ್ಟಾರು ಎಂದು ಬರೆಯಿರಿ. ಮೊದಲನೆಯದಕ್ಕೆ ಕಲ್ಯಾಣ ಮಂಟಪದ ಉಗ್ರಾಣ, ಹಾಸ್ಟೆಲ್ಲಿನ ಅಡುಗೆಮನೆ. ಎರಡನೆಯದಕ್ಕೆ ಅಂಗಡಿ ಲೆಕ್ಕ. ಮೂರನೆಯದಕ್ಕೆ ಯಾರೂ ಹೊಳೆದಿರಲಿಲ್ಲ, ಖಾಲಿ ಬಿಟ್ಟಿದ್ದೆ. ಕೆಲಸ ಕೊಡಿಸಿದ್ದು ಅದೇ.

ನಮ್ಮ ತೋಟಕ್ಕೆ ಮೈಲುತುತ್ತ ಕೊಳ್ಳಲು ಆ ಗೊಬ್ಬರದ ಅಂಗಡಿಗೆ ಹೋಗಿದ್ದೆ. ಕೊಳೆರೋಗದ ಔಷಧಿಗೆ ಎಲ್ಲರೂ ಮುಗಿಬೀಳುವ ಸಮಯ. ಬೆಂಗಳೂರಿನ ನೌಕರಿ ಬಿಟ್ಟು ಊರಿಗೆ ಬಂದಿದ್ದ ಹುಡುಗನೊಬ್ಬ ಸುಣ್ಣ ಎಷ್ಟು ಹಾಕಬೇಕೆಂದು ಕೇಳುತ್ತಿದ್ದ. ಅಂಗಡಿಯ ಹುಡುಗ ಪೊಟ್ಟಣ ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. "100 ಲೀಟರ್ ನೀರಿಗೆ ಒಂದು ಕಿಲೋ ತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿಕೊಂಡು ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಆಮೇಲೆ ಚೆನ್ನಾಗಿ ಉಜ್ಜಿದ ಕತ್ತಿಯ ತುದಿ ಅದ್ದಿ ನೋಡಪ್ಪ. ಕೆಂಪಗೆ ಹಿಡಿದರೆ ಸುಣ್ಣ ಸಾಲದು ಎಂದರ್ಥ" ಎಂದೆ. ಮಾಲೀಕರು ಬಿಲ್ ಪುಸ್ತಕದಿಂದ ತಲೆ ಎತ್ತಿದರು. ನೋಟ್‌ಬುಕ್ಕು ಚೀಲದಲ್ಲೇ ಇತ್ತು, ತೆಗೆದು ಮುಂದಿಟ್ಟೆ.

ಒಟಿಪಿ ಯಾರ ಫೋನಿಗೆ ಬರುತ್ತದೆ?

ಇದನ್ನು ಎರಡನೆಯ ಹೆಜ್ಜೆಯಾಗಿ ಇಟ್ಟಿದ್ದಕ್ಕೆ ನಗಬೇಡಿ. ನಮ್ಮ ಕಡೆಯ ಎಷ್ಟೋ ಹೆಂಗಸರ ಆಧಾರ್, ಬ್ಯಾಂಕ್ ಖಾತೆ ಎರಡಕ್ಕೂ ಗಂಡನ ಅಥವಾ ಮಗನ ನಂಬರ್ ಜೋಡಿಸಿರುತ್ತದೆ. ಏನೇ ಅರ್ಜಿ ಹಾಕಲಿ, ಒಟಿಪಿ ಬೆಂಗಳೂರಿಗೆ ಹೋಗುತ್ತದೆ. ಮಗ ಮೀಟಿಂಗಿನಲ್ಲಿರುತ್ತಾನೆ. ಅವನು ನೋಡುವಷ್ಟರಲ್ಲಿ ಒಟಿಪಿಯ ಗಡುವು ಮುಗಿದಿರುತ್ತದೆ. ಸ್ವಂತ ಸಿಮ್ ತೆಗೆದುಕೊಂಡು ಆಧಾರ್ ಕೇಂದ್ರಕ್ಕೆ ಹೋಗಿ ಆ ನಂಬರ್ ಜೋಡಿಸಿ, ಆಮೇಲೆ ಬ್ಯಾಂಕಿನಲ್ಲಿ.

ಹಾಗೆಯೇ ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ತವರಿನ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು, ಪಾಸ್‌ಬುಕ್ಕಿನಲ್ಲಿ ಮೂರನೆಯ ಕಾಗುಣಿತ. ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಆದ್ದರಿಂದ ಮೊದಲು ಎಲ್ಲ ಕಾಗದಗಳನ್ನು ಮೇಜಿನ ಮೇಲೆ ಹರಡಿ, ಯಾವ ಹೆಸರಿಗೆ ಉಳಿದದ್ದನ್ನು ಹೊಂದಿಸುವುದು ಎಂದು ತೀರ್ಮಾನಿಸಿ. ತಿದ್ದಲು ಓಡುವುದು ಆಮೇಲೆ.

ಕೊನೆಯ ಬಸ್ಸಿನಿಂದ ಹಿಂದಕ್ಕೆ ಲೆಕ್ಕ ಹಾಕಿ

ಮಲೆನಾಡಿನಲ್ಲಿ ಕೆಲಸ ಯಾವುದು ಎನ್ನುವುದಕ್ಕಿಂತ ಮುಂಚೆ ಕೊನೆಯ ಬಸ್ಸು ಎಷ್ಟಕ್ಕೆ ಎಂದು ನೋಡಬೇಕು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ, ನಿಜ. ಆದರೆ ಅದು ಸರ್ಕಾರಿ ಸಾರಿಗೆಯ ಬಸ್ಸಿನಲ್ಲಿ. ನಮ್ಮ ಘಟ್ಟದ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸುಗಳೇ, ಅಲ್ಲಿ ಟಿಕೆಟ್ ಕೊಳ್ಳಲೇಬೇಕು. ಹೋಗಿ ಬರಲು ದಿನಕ್ಕೆ 60 ರೂಪಾಯಿ ಎಂದರೆ 26 ದಿನಕ್ಕೆ 1,560. ಸಂಬಳ ಕೇಳುವ ಮೊದಲು ಅದನ್ನು ಕಳೆದು ನೋಡಿ. ಜುಲೈ ಮಳೆಯಲ್ಲಿ ರಸ್ತೆಗೆ ಮರ ಬಿದ್ದ ದಿನ ಪೇಟೆಯಲ್ಲಿ ಯಾರ ಮನೆಯಲ್ಲಿ ಉಳಿಯುವುದು ಎಂಬುದೂ ಗೊತ್ತಿರಲಿ.

ಸಂಜೆ ಹಾಲು ಕರೆಯುವವರು ಯಾರು ಎನ್ನುವುದೂ ಇಲ್ಲೇ ಇತ್ಯರ್ಥವಾಗಬೇಕು. "ಊರಿನವರು ಏನೆಂದುಕೊಂಡಾರು" ಎಂದು ನಮ್ಮ ಮನೆಯವರು ಶುರು ಮಾಡಿದ್ದರು. ಊರಿನವರ ವಿಷಯ ಒಂದು ವಾರದಲ್ಲಿ ಮರೆತರು. ಹಾಲು ಕರೆಯುವುದು ಕಲಿಯಲು ಒಂದು ತಿಂಗಳು ತೆಗೆದುಕೊಂಡರು.

ಕೇಳುವುದು ಹೇಗೆ, ಯಾರನ್ನು?

"ಎಲ್ಲಾದರೂ ಏನಾದರೂ ಕೆಲಸವಿದ್ದರೆ ಹೇಳಿ" ಎಂದರೆ ಯಾರಿಗೂ ನೆನಪಿರುವುದಿಲ್ಲ. "ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಐದರವರೆಗೆ, ಲೆಕ್ಕ ಬರೆಯುವ ಕೆಲಸ, ಸಾಗರ ಪೇಟೆಯೊಳಗೆ" ಎಂದು ಹೇಳಿ. ಸೊಸೈಟಿಯ ಕಾರ್ಯದರ್ಶಿ, ಸ್ವಸಹಾಯ ಸಂಘದವರು, ದಿನಾ ಸಿಗುವ ಬಸ್ ಕಂಡಕ್ಟರ್ ಇವರಿಗೆ ಮೊದಲು ಹೇಳಿ. ಯಾರ ಅಂಗಡಿಯಲ್ಲಿ ಹುಡುಗ ಕೈಕೊಟ್ಟ ಎಂಬುದು ಕಂಡಕ್ಟರಿಗೆ ಎಲ್ಲರಿಗಿಂತ ಮೊದಲು ಗೊತ್ತಿರುತ್ತದೆ.

ಹೋಮ್‌ಸ್ಟೇ ಅಡುಗೆಮನೆ, ಹಾಸ್ಟೆಲ್, ಒಂಟಿಯಾಗಿರುವ ಹಿರಿಯರನ್ನು ನೋಡಿಕೊಳ್ಳುವುದು, ಇಲ್ಲೆಲ್ಲ ವಯಸ್ಸು ನಿಮ್ಮ ಪರ. ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಗಾರ್ಮೆಂಟ್ ಕೆಲಸಕ್ಕೆ ಕಣ್ಣು, ಸೊಂಟ ಎರಡನ್ನೂ ಕೇಳಿ ಹೋಗಿ. ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿರುವ ಚರಕವನ್ನು ಒಮ್ಮೆ ನೋಡಿ ಬನ್ನಿ ಎಂದು ಎಲ್ಲರಿಗೂ ಹೇಳುತ್ತೇನೆ. ಹಳ್ಳಿಯ ಹೆಂಗಸರ ಸಹಕಾರ ಸಂಘ, ಕೈಮಗ್ಗ, ಸಹಜ ಬಣ್ಣ. ಕೆಲಸ ಕೇಳಲೆಂದೇ ಹೋಗಬೇಕಿಲ್ಲ. ನಮ್ಮಂಥವರೇ ನಡೆಸುವ ಜಾಗ ಹೇಗಿರುತ್ತದೆ ಎಂದು ಕಾಣುತ್ತದೆ.

ತರಬೇತಿ ಬೇಕೆನಿಸಿದರೆ, 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿಯ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ತರಬೇತಿ, ಊಟ, ವಸತಿ ಉಚಿತ. ವಯಸ್ಸಿನ ಮಿತಿ ಇರುತ್ತದೆ, ಬಸ್ ಹತ್ತುವ ಮೊದಲೇ ಫೋನ್ ಮಾಡಿ ಕೇಳಿ.

ಸಂಬಳದ ಮಾತು

"ನೀವು ಕೊಟ್ಟಷ್ಟು" ಎನ್ನುವುದಕ್ಕಿಂತ ನಷ್ಟದ ಮಾತು ಇನ್ನೊಂದಿಲ್ಲ. ನಾನು ಮೂರು ಸಂಜೆ ಕೊಟ್ಟಿಗೆಯಲ್ಲಿ ಗೌರಿಯ ಮುಂದೆ ನಿಂತು ಮೊತ್ತ ಹೇಳಿ ಅಭ್ಯಾಸ ಮಾಡಿದೆ. ಮೊದಲ ಸಂಜೆ ಮೊತ್ತದ ಹತ್ತಿರ ಬಂದಾಗ ದನಿ ಇಳಿದು, ಹಸು ಕೂಡ ಹುಲ್ಲಿನಿಂದ ತಲೆ ಎತ್ತಲಿಲ್ಲ. ಮೂರನೆಯ ಸಂಜೆ ಸರಿಯಾಯಿತು. ಅಂಗಡಿಯಲ್ಲಿ ಹೇಳಿದಾಗ ಮಾಲೀಕರು ಸಾವಿರ ಇಳಿಸಿದರು. "ಮೂರು ತಿಂಗಳು ನೋಡಿ, ಆಮೇಲೆ ನಾನು ಹೇಳಿದ್ದನ್ನು ಕೊಡಿ" ಎಂದೆ, ಒಪ್ಪಿದರು. ಆ ಮಾತನ್ನು ಅವರ ಎದುರಿಗೇ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದುಕೊಂಡೆ.

ಸ್ವಂತಕ್ಕೆ ಮಾಡುವುದಾದರೆ

ಅಪ್ಪೆಮಿಡಿ ಉಪ್ಪಿನಕಾಯಿ, ತೊಡೆದೇವು ಮಾರುವವರು ಮನೆಯ ಅಡುಗೆಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ನೋಂದಣಿ ಬೇಕು. 14 ಅಂಕಿಯ ಆ ಸಂಖ್ಯೆ ಲೇಬಲ್ ಮೇಲೆ ಇರಬೇಕು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ, ಅದಕ್ಕೆ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ಸಾಲಕ್ಕೆ ವಯಸ್ಸಿನ ಮೇಲ್ಮಿತಿ ಇರಲಿಲ್ಲ. ಹಳ್ಳಿಯ ಹೆಂಗಸರು ಐದು ಪರ್ಸೆಂಟ್ ಕೈಯಿಂದ ಹಾಕಿದರೆ 35 ಪರ್ಸೆಂಟ್ ಸಬ್ಸಿಡಿ ಸಿಗುತ್ತಿತ್ತು. ಈಗಿನ ನಿಯಮವನ್ನು ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಳ್ಳಿ. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ವರ್ಷ ಸಾಲ ಬೇಡ. ಐವತ್ತು ಬಾಟಲಿ ನೆಂಟರಲ್ಲದವರಿಗೆ ಮಾರಿ, ಆಮೇಲೆ ನೋಡಿ.

ಸೇರುವಾಗಲೇ ಹೇಳಬೇಕಾದ್ದು

ರಜೆ. ಮುಖ್ಯವಾಗಿ ಅಡಿಕೆ ಕೊನೆಕೊಯ್ಲಿನ ರಜೆ. ನಾನು ಮರೆತಿದ್ದೆ. ನವೆಂಬರಿನಲ್ಲಿ ಕೊನೆಗಾರರು ದಿನ ಕೊಟ್ಟಾಗ, ಆರು ತಿಂಗಳ ನೌಕರಿ ಇಂದಿಗೆ ಮುಗಿಯಿತು ಎಂದುಕೊಂಡೇ ಮಾಲೀಕರ ಮುಂದೆ ನಿಂತು ನಾಲ್ಕು ದಿನ ರಜೆ ಕೇಳಿದೆ. ಅವರು ಕ್ಯಾಲೆಂಡರ್ ನೋಡಿದರು. "ಅದೇ ವಾರ ನಮ್ಮ ಮನೆಯಲ್ಲೂ ಕೊನೆಕೊಯ್ಲು ಅಕ್ಕ. ನಿಮ್ಮನ್ನೇ ನಂಬಿ ಅಂಗಡಿ ಬಿಟ್ಟುಹೋಗೋಣ ಎಂದುಕೊಂಡಿದ್ದೆ" ಎಂದರು. ಕಡೆಗೆ ಅವರು ಸೋಮವಾರ, ಮಂಗಳವಾರ ಹೋದರು; ನಾನು ಗುರುವಾರದಿಂದ.