‘ವೇಲ್ಸ್’ ಎಂಬ ಹೆಸರಿನ ಬೇರು ಹುಡುಕುವುದು ಹೇಗೆ?

ಪದವೊಂದರ ಮೂಲವನ್ನು ಅದರ ಇಂದಿನ ರೂಪದಿಂದಲೇ ಊಹಿಸಲು ಹೊರಟವರು ಬಹುಪಾಲು ದಾರಿ ತಪ್ಪುತ್ತಾರೆ. ಬ್ರಿಟನ್ನಿನ ಪಶ್ಚಿಮಕ್ಕಿರುವ ವೇಲ್ಸ್ ದೇಶದ ಹೆಸರನ್ನೇ ಹಿಡಿದು ಸರಿಯಾದ ಕ್ರಮವನ್ನು ನೋಡೋಣ.

ಮೊದಲು ಪದದ ಹಳೆಯ ರೂಪವನ್ನು ಎಲ್ಲ ವಿಭಕ್ತಿಗಳಲ್ಲೂ ಬರೆದುಕೊಳ್ಳಬೇಕು. ಹಳೆಯ ಇಂಗ್ಲಿಷಿನಲ್ಲಿ ಪ್ರಥಮಾ ಏಕವಚನ ‘ವೆಅಲ್ಹ್’. ಪ್ರತ್ಯಯ ಸೇರಿದೊಡನೆ ಲಕಾರಕ್ಕೂ ಸ್ವರಕ್ಕೂ ನಡುವೆ ಸಿಕ್ಕಿದ ಹಕಾರ ಬಿದ್ದುಹೋಗಿ, ಹಿಂದಿನ ಸ್ವರ ದೀರ್ಘವಾಗುತ್ತದೆ. ಹಾಗಾಗಿ ಬಹುವಚನ ‘ವೇಅಲಸ್’, ಷಷ್ಠಿಯ ಬಹುವಚನ ‘ವೇಅಲ’. ‘ವೇಲ್ಸ್’ ಬಂದದ್ದು ಆ ಬಹುವಚನದಿಂದ, ಅಂದರೆ ಜನರ ಹೆಸರೇ ನೆಲದ ಹೆಸರಾಯಿತು. ಇಂಗ್ಲೆಂಡಿನ ವಾಲ್ಟನ್ ಎಂಬ ಊರುಗಳಲ್ಲಿ ಕೆಲವು ಆ ಷಷ್ಠಿ ರೂಪವನ್ನು ಇಂದಿಗೂ ಉಳಿಸಿಕೊಂಡಿವೆ.

ಅನಂತರ ಸೋದರ ಭಾಷೆಗಳನ್ನು ಪಕ್ಕದಲ್ಲಿಟ್ಟು ಅರ್ಥವನ್ನು ಒರೆಗೆ ಹಚ್ಚಬೇಕು. ಹಳೆಯ ಹೈ ಜರ್ಮನ್ನಿನ ‘ವಲಹ್’ ಲ್ಯಾಟಿನ್ ಮೂಲದ ನುಡಿಯಾಡುವವನನ್ನು ಸೂಚಿಸುತ್ತಿತ್ತು; ಸ್ಕ್ಯಾಂಡಿನೇವಿಯಾದ ಪ್ರಾಚೀನ ನುಡಿಯಾದ ಹಳೆಯ ನಾರ್ಸ್‌ನ ‘ವಲಿರ್’ ಎಂದರೆ ಮುಖ್ಯವಾಗಿ ಫ್ರಾನ್ಸಿನ ಜನ. ಇವೆಲ್ಲವನ್ನೂ ಕೂಡಿಸಿದರೆ ಸಿಗುವ ಅರ್ಥ ‘ಅನ್ಯನುಡಿಯವನು’. ವಾಲ್‌ನಟ್ ಎಂಬ ಅಕ್ರೋಟಿನ ಹೆಸರಿನಲ್ಲಿರುವುದೂ ಇದೇ ಪದ: ಹೊರನಾಡಿನ ಕಾಯಿ. ಹಳೆಯ ಇಂಗ್ಲಿಷಿನಲ್ಲಂತೂ ಇದಕ್ಕೆ ‘ಗುಲಾಮ’ ಎಂಬ ಅರ್ಥವೂ ಬಂತು. ತಮ್ಮದೇ ನೆಲದಲ್ಲಿದ್ದ ಜನರನ್ನು ಹೊರಗಿನಿಂದ ಬಂದವರು ಪರಕೀಯರೆಂದು ಕರೆದ ಈ ಚರಿತ್ರೆಯನ್ನು ಓದುವಾಗ ಮನಸ್ಸು ನೋಯುತ್ತದೆ.

ಮೂರನೆಯದು ಧ್ವನಿನಿಯಮ. ಹಳಗನ್ನಡದ ‘ಪಾಲ್’ ಹೊಸಗನ್ನಡದಲ್ಲಿ ‘ಹಾಲು’ ಆದಂತೆ, ಇಂಗ್ಲಿಷ್, ಜರ್ಮನ್, ನಾರ್ಸ್ ಸೇರಿರುವ ಜರ್ಮಾನಿಕ್ ಕುಟುಂಬದ ಭಾಷೆಗಳಲ್ಲಿ ಒಂದು ಕಾಲದಲ್ಲಿ ಕಕಾರವು ಹಕಾರವಾಯಿತು. ಅದನ್ನು ಹಿಂದಕ್ಕೆ ತಿರುಗಿಸಿದರೆ ಜೂಲಿಯಸ್ ಸೀಸರ್ ಹೆಸರಿಸಿದ ಕೆಲ್ಟಿಕ್ ಬುಡಕಟ್ಟು ‘ವೊಲ್ಕೇ’ ತಲುಪುತ್ತೇವೆ. ಒಂದು ಬುಡಕಟ್ಟಿನ ಹೆಸರು ಎಲ್ಲ ಪರಕೀಯರಿಗೂ ಅಂಟಿಕೊಂಡಿತೆಂಬುದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವ ವಿವರಣೆ.

ಕೊನೆಗೆ, ಆ ಜನ ತಮ್ಮನ್ನು ತಾವು ಏನೆಂದು ಕರೆದುಕೊಳ್ಳುತ್ತಾರೆಂದು ಕೇಳಲೇಬೇಕು. ವೆಲ್ಷ್ ಭಾಷೆಯಲ್ಲಿ ಒಬ್ಬ ‘ಕಮ್ರೊ’, ಹಲವರು ‘ಕಮ್ರಿ’. ದೇಶದ ಹೆಸರೂ ಅದೇ, ಬರಹದಲ್ಲಿ ಮಾತ್ರ ಕೊನೆಯ ಸ್ವರ ಬೇರೆ. ಮೂಲರೂಪ ‘ಕೊಂಬ್ರೊಗಿ’, ಅರ್ಥ ‘ಒಂದೇ ಸೀಮೆಯವರು’. ಈ ಭಾಷೆಯಲ್ಲಿ ಪದದ ಮೊದಲ ಅಕ್ಷರವೂ ಬದಲಾಗುತ್ತದೆಂಬುದನ್ನು ಮರೆಯಬಾರದು. ಮಳೆ, ಕಾಲ ಸೇರಿ ‘ಮಳೆಗಾಲ’ ಆಗುವಾಗ ಕಕಾರಕ್ಕೆ ಗಕಾರ ಆದೇಶವಾಗುವಂತೆ, ‘ಗೆ’ ಎಂಬ ಅರ್ಥದ ‘ಇ’ ಮುಂದೆ ಬಂದರೆ ‘ಕಮ್ರಿ’ಯು ‘ಗಮ್ರಿ’ಯಾಗುತ್ತದೆ. ಗಡಿಯ ಫಲಕದಲ್ಲಿ ‘ಕ್ರೋಯ್ಸೊ ಇ ಗಮ್ರಿ’, ಅಂದರೆ ‘ವೇಲ್ಸ್‌ಗೆ ಸ್ವಾಗತ’ ಎಂದು ಓದಿದವರು ನಿಘಂಟಿನಲ್ಲಿ ಆ ಪದವನ್ನು ಗಕಾರದ ಪುಟಗಳಲ್ಲಿ ಹುಡುಕದೆ ಕಕಾರದಲ್ಲಿ ಹುಡುಕಬೇಕು.