ಪುಡಿ ಹಾಕದ ಸೈನಸ್ ಲಿಫ್ಟ್: ನನ್ನ ಅನುಭವ

ಮೇಲ್ದವಡೆಯ ಹಿಂಬದಿಯಲ್ಲಿ ಹಲ್ಲು ಹೋಗಿ ಮೂಳೆ ತೆಳುವಾದಾಗ, ಅದರ ಮೇಲಿರುವ ಸೈನಸ್ ಎಂಬ ಗಾಳಿಗೂಡಿನ ಪಕ್ಕದ ಗೋಡೆಯಲ್ಲಿ ಕಿಟಕಿ ಕೊರೆದು, ಒಳಪೊರೆಯನ್ನು ಮೇಲೆತ್ತಿ, ಅಡಿಯ ಜಾಗದಲ್ಲಿ ಇಂಪ್ಲಾಂಟ್ (ಕೃತಕ ಹಲ್ಲಿಗೆ ಬೇರಾಗುವ ತಿರುಪು) ನಿಲ್ಲುವಷ್ಟು ಮೂಳೆ ಬೆಳೆಸುವುದೇ ಸೈನಸ್ ಲಿಫ್ಟ್. ಆ ಜಾಗಕ್ಕೆ ಕೊಂಡು ತಂದ ಮೂಳೆಪುಡಿಯ ಒಂದು ಹರಳನ್ನೂ ಹಾಕದೆ, ರೋಗಿಯ ಸ್ವಂತ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ ತೆಗೆದ ಜೆಲ್ಲಿಯಂಥ ಗಟ್ಟಿಯಾದ ಪಿಆರ್‌ಎಫ್ ಮತ್ತು ಕಿಟಕಿ ತೆರೆಯುವಾಗ ಕೆರೆದು ಉಳಿಸಿಕೊಂಡ ಮೂಳೆಯ ತುರಿಯನ್ನಷ್ಟೇ ತುಂಬಿ ಸೈನಸ್ ಲಿಫ್ಟ್ ಮಾಡುತ್ತೇನೆ ಎಂದಾಗ ಮಂಗಳೂರಿನ ನನ್ನ ಮಿತ್ರವೈದ್ಯರು ನಕ್ಕರು. "ರಕ್ತ ತುಂಬಿ ಮೂಳೆ ಬೆಳೆಯುವುದಾದರೆ ಪುಡಿಯ ಕಂಪನಿಗಳು ಬಾಗಿಲು ಹಾಕಬೇಕಲ್ಲ ಮಾರಾಯರೇ" ಎಂದರು ಹಿರಿಯರೊಬ್ಬರು. 2004ರಲ್ಲೇ ಸ್ವೀಡನ್ನಿನ ಲುಂಡ್‌ಗ್ರೆನ್ ತಂಡ ಬರೀ ಪೊರೆ ಎತ್ತಿ, ಇಂಪ್ಲಾಂಟ್ ಕೂರಿಸಿ, ಮೂಳೆ ಬಂದದ್ದನ್ನು ತೋರಿಸಿತ್ತು ಎಂದರೆ, ಅದು ಸ್ವೀಡನ್ ಎಂಬ ಉತ್ತರ ಬಂತು. ನಮ್ಮ ಮಂಗಳೂರಿನ ಕದ್ರಿಯವರ ಸೈನಸ್ಸಿಗೂ ಸ್ವೀಡನ್ನಿನವರ ಸೈನಸ್ಸಿಗೂ ಏನು ವ್ಯತ್ಯಾಸವೋ!

ನಾನು ಇದಕ್ಕೆ ಕೈಹಾಕಿದ್ದು ಶಾಸ್ತ್ರದ ಮೋಹದಿಂದಲ್ಲ, ಬಿಲ್ಲಿನ ಭಯದಿಂದ. ಆಗ ದನದ ಮೂಳೆಯ ಆಮದು ಪುಡಿಗೆ ಅರ್ಧ ಗ್ರಾಮಿಗೆ ಏಳೆಂಟು ಸಾವಿರ ಕೊಡುತ್ತಿದ್ದ ನೆನಪು. ದೊಡ್ಡ ಸೈನಸ್ಸಾದರೆ ಎರಡು ಗ್ರಾಮೂ ಸಾಲದು. ಕಿಟಕಿಗೆ ಮುಚ್ಚುವ ಕೊಲಾಜೆನ್ ಪೊರೆ (ಪ್ರಾಣಿಯ ಅಂಗಾಂಶದಿಂದ ಮಾಡಿದ ಹಾಳೆ) ಬೇರೆ. ಇಂಪ್ಲಾಂಟಿನ ಬೆಲೆಗಿಂತ ಅದನ್ನು ಹಿಡಿದು ನಿಲ್ಲಿಸುವ ಸಾಮಾನಿನ ಬೆಲೆ ಹೆಚ್ಚಾದಾಗ ರೋಗಿ "ಮನೆಯಲ್ಲಿ ಕೇಳಿ ಬರುತ್ತೇನೆ" ಎಂದು ಎದ್ದು ಹೋಗುತ್ತಾನೆ, ಮತ್ತೆ ಬರುವುದಿಲ್ಲ. ಇನ್ನೊಂದು ತೊಡಕು ನಮ್ಮ ಊರಿನದು. ಒಪ್ಪಿಗೆ ಪತ್ರ ಓದಿ ಹೇಳುವಾಗ "ಇದು ಯಾವ ಪ್ರಾಣಿಯದು ಡಾಕ್ಟರೇ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ದನದ್ದು ಎಂದರೆ ಒಬ್ಬರು ಕುರ್ಚಿಯಿಂದ ಇಳಿಯುತ್ತಾರೆ, ಪೊರೆ ಹಂದಿಯದು ಎಂದರೆ ಇನ್ನೊಬ್ಬರು. ಹೇಳದೆ ಹಾಕುವವರೂ ಇದ್ದಾರೆ, ನನಗೆ ಅದು ಒಗ್ಗುವುದಿಲ್ಲ. ನಿಮ್ಮದೇ ರಕ್ತ, ನಿಮ್ಮದೇ ಮೂಳೆ ಎಂದ ಮೇಲೆ ಆ ಮಾತೇ ಬರುವುದಿಲ್ಲ.

ಆರಂಭದ ಪ್ರಕರಣಗಳು ಕೈಕೊಟ್ಟವು. ಇಂಪ್ಲಾಂಟ್ ಹಾಕದೆ ಬರೀ ಪಿಆರ್‌ಎಫ್ ತುಂಬಿ ಹೊಲಿದು ಆರು ತಿಂಗಳ ಮೇಲೆ ಸಿಬಿಸಿಟಿ (ದವಡೆಯ ಮೂರು ಆಯಾಮದ ಎಕ್ಸ್‌ರೇ) ತೆಗೆಸಿದರೆ ಗಳಿಸಿದ ಎತ್ತರ ಮುಕ್ಕಾಲು ಪಾಲು ಮಾಯ. ಉಸಿರಾಟದ ಒತ್ತಡಕ್ಕೆ ಪೊರೆ ಕೆಳಗಿಳಿದು ಕುಳಿತಿತ್ತು. ಗೂಟವಿಲ್ಲದ ಡೇರೆ ನಿಲ್ಲುವುದಿಲ್ಲ, ಇಂಪ್ಲಾಂಟೇ ಗೂಟ. ಅಂದಿನಿಂದ ನಾಲ್ಕೈದು ಮಿಲಿಮೀಟರ್ ಮೂಳೆ ಉಳಿದು, ಇಂಪ್ಲಾಂಟ್ ಬಿಗಿಯಾಗಿ ಕೂರುವ ಕಡೆ ಮಾತ್ರ ಈ ದಾರಿ. ಮೂರಕ್ಕಿಂತ ಕಡಿಮೆ ಇದ್ದರೆ ಈಗಲೂ ಪುಡಿಯೇ, ವಾದವಿಲ್ಲ.

ಮತ್ತೊಂದು ಸೋಲು ರಕ್ತ ತೆಗೆಯುವ ಟ್ಯೂಬಿನದು. ಅಗ್ಗಕ್ಕೆ ಸಿಕ್ಕಿತೆಂದು ಪ್ಲಾಸ್ಟಿಕ್ ಟ್ಯೂಬಿನ ಪೆಟ್ಟಿಗೆ ತರಿಸಿದೆ. ಗಟ್ಟಿಯೇ ಕಟ್ಟಲಿಲ್ಲ, ಕೆಂಪು ನೀರು. ಬೋಳು ಗಾಜಿನ ಟ್ಯೂಬಿಗೆ ಮರಳಿದ ಮೇಲೆ ಸರಿಹೋಯಿತು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ನುಂಗುವವರಲ್ಲಿ ಗಾಜಿನಲ್ಲೂ ಗಟ್ಟಿ ಕಟ್ಟುವುದು ತಡ. ಜೂನ್ ತಿಂಗಳಲ್ಲಿ ಸೆಂಟ್ರಿಫ್ಯೂಜ್ (ರಕ್ತ ತಿರುಗಿಸುವ ಯಂತ್ರ) ತಿರುಗುತ್ತಿರುವಾಗ ವಿದ್ಯುತ್ ಹೋದರೆ ಮತ್ತೆ ರಕ್ತ ತೆಗೆಯಬೇಕು. ರೋಗಿಯ ಮುಖ ನೋಡಲಾಗುವುದಿಲ್ಲ. ಈಗ ಕುರ್ಚಿಗಿಂತ ಮೊದಲು ಸೆಂಟ್ರಿಫ್ಯೂಜಿಗೆ ಇನ್ವರ್ಟರ್. ನಿಮಿಷಕ್ಕೆ 2700 ಸುತ್ತು, 12 ನಿಮಿಷ ಎಂಬ ಹಳೆಯ ಲೆಕ್ಕ ಎಲ್ಲರಿಗೂ ಬಾಯಿಪಾಠ. ಆದರೆ ರೋಟರಿನ ಅಗಲ ಬದಲಾದರೆ ಅದೇ ಸುತ್ತಿಗೆ ಬೇರೆ ಬಲ. ನನ್ನದು ಲ್ಯಾಬಿನಿಂದ ಬಂದ ಹಳೆಯ ಯಂತ್ರ. ಅದರ ಸಂಖ್ಯೆ ಹೇಳಿದರೆ ನಿಮಗೆ ದಾರಿ ತಪ್ಪುತ್ತದೆ, ಹೇಳುವುದಿಲ್ಲ.

ಕ್ರಮ ಇಷ್ಟು. ಒತ್ತಿ ಚಪ್ಪಟೆ ಮಾಡಿದ ಎರಡು ಪಿಆರ್‌ಎಫ್ ಹಾಳೆ ಎತ್ತಿದ ಪೊರೆಯ ಅಡಿಗೆ, ಆಮೇಲೆ ಇಂಪ್ಲಾಂಟ್, ಅದರ ಸುತ್ತ ಮೂಳೆ ತುರಿ ಬೆರೆಸಿದ ಉಂಡೆಗಳು, ಕಿಟಕಿಗೆ ಇನ್ನೊಂದು ಹಾಳೆ. ಒಳಬದಿಯ ಗೋಡೆಯವರೆಗೂ ಪೊರೆ ಬಿಡಿಸಬೇಕು, ಅಲ್ಲಿ ಸೋಮಾರಿತನ ಮಾಡಿದರೆ ಮೂಳೆ ಒಂದೇ ಬದಿಗೆ ಬರುತ್ತದೆ. ಆ ಕೊನೆಯ ಮೂಲೆ ಬಿಡಿಸಲು ನಾನೇ ಬಗ್ಗಿಸಿಕೊಂಡ ಒಂದು ಕ್ಯುರೆಟ್ (ಪುಟ್ಟ ಚಮಚದಂಥ ಸಾಧನ) ಇದೆ. ಕ್ಲಿನಿಕ್ಕಿಗೆ ಬಂದರೆ ತೋರಿಸುತ್ತೇನೆ, ಇಲ್ಲಿ ಬರೆಯಲಾರೆ.

ಪೊರೆ ಬಿಡಿಸುವ ಅಭ್ಯಾಸಕ್ಕೆ ಎಲ್ಲರೂ ಕೋಳಿಮೊಟ್ಟೆ ಕೊರೆಯುತ್ತಾರೆ. ನಾನು ಬಾತುಕೋಳಿಯದಕ್ಕೆ ಬದಲಿಸಿದೆ. ಚಿಪ್ಪು ದಪ್ಪ, ಕೈಗೆ ಬರುವ ಅನುಭವ ಮೂಳೆಗೆ ಹತ್ತಿರ. ಒಡೆದವು ಸಂಜೆಗೆ ಆಮ್ಲೆಟ್. ಕಿತ್ತ ಬುದ್ಧಿಹಲ್ಲನ್ನು ಅರೆದು ಅದೇ ರೋಗಿಗೆ ತುಂಬುವುದನ್ನೂ ಕೆಲವು ಕಾಲ ಮಾಡಿದೆ. ಫಲ ಕೆಟ್ಟದ್ದೇನಲ್ಲ, ಆದರೆ ಅರೆದು, ತೊಳೆದು, ಶುದ್ಧಿ ಮಾಡುವಷ್ಟರಲ್ಲಿ ಅರ್ಧ ದಿನದ ರೋಗಿಗಳು ಹೊರಗೆ ಕಾದು ಹೋಗುತ್ತಿದ್ದರು.

ವಾಸಿಯಾಗುವ ಕಾಲದಲ್ಲಿ ಕಾಟ ಕೊಡುವುದು ಗಾಳಿ. ಮೂಗು ಸೀಟಬಾರದು, ಬಾಯಿ ತೆರೆದೇ ಸೀನಬೇಕು, ಬೊಂಡವನ್ನು (ಎಳನೀರನ್ನು) ಸ್ಟ್ರಾ ಹಾಕಿ ಎಳೆಯಬಾರದು, ಲೋಟಕ್ಕೆ ಸುರಿದು ಕುಡಿಯಬೇಕು. ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವ ಒಬ್ಬರು ವಾರ ಕಳೆಯುವ ಮೊದಲೇ ಜಾತ್ರೆಗೆ ಹೋಗಿ ಊದಿದರು. ಮರುದಿನ ಕೆನ್ನೆ ಊದಿ, ಒತ್ತಿದರೆ ಚರಚರ ಸದ್ದು, ಚರ್ಮದಡಿ ಗಾಳಿ. ಇಂಪ್ಲಾಂಟ್ ಉಳಿಯಿತು, ಒಂದು ಬದಿಯ ಮೂಳೆ ಮಾತ್ರ ತೆಳು. ಈಗ ಊದುವವರಿಗೆಲ್ಲ ಪತ್ತನಾಜೆ (ಮೇ ಕೊನೆಗೆ ತುಳುನಾಡಿನ ಉತ್ಸವಗಳು ಮುಗಿಯುವ ದಿನ) ಕಳೆದ ಮೇಲೆಯೇ ದಿನ ಕೊಡುತ್ತೇನೆ. ಜಾತ್ರೆ, ಭೂತದ ಕೋಲ, ಯಕ್ಷಗಾನದ ಆಟ ಎಲ್ಲ ನಿಂತಿರುತ್ತವೆ. ಮಳೆಗಾಲದ ನೆಗಡಿಯ ಅಪಾಯ ಇದ್ದೇ ಇದೆ, ಆದರೆ ಜಾತ್ರೆಗಿಂತ ವಾಸಿ.

ಸಿಬಿಸಿಟಿಯಲ್ಲಿ ಸರಾಸರಿ ಐದಾರು ಮಿಲಿಮೀಟರ್ ಹೊಸ ಮೂಳೆ ಸಿಗುತ್ತಿದೆ. ಇಂಪ್ಲಾಂಟಿನ ತುದಿಯಿಂದ ಆಚೆ ಹೆಚ್ಚು ಹೋಗುವುದಿಲ್ಲ, ಪುಡಿಯ ಹಾಗೆ ಬೆಳ್ಳಗೆ ಹೊಳೆಯುವುದೂ ಇಲ್ಲ. ಒಬ್ಬರಿಗೆ ಪಕ್ಕದಲ್ಲಿ ಇನ್ನೊಂದು ಇಂಪ್ಲಾಂಟ್ ಬೇಕಾದಾಗ ಟ್ರೆಫೈನ್ ಎಂಬ ಕೊಳವೆಯಂಥ ಕೊರೆಗಡ್ಡಿಯಲ್ಲಿ ಒಂದು ತುಂಡು ತೆಗೆದು ಪೆಥಾಲಜಿ ಮಿತ್ರರಿಗೆ ಕಳುಹಿಸಿದೆ. ಜೀವಂತ ಮೂಳೆ, ಪರಕೀಯ ಹರಳಿಲ್ಲ ಎಂದರು. ಪುಡಿ ಹಾಕಿದ ನನ್ನ ಹಳೆಯ ರೋಗಿಗಳಲ್ಲಿ ವರ್ಷಗಳ ಮೇಲೂ ಹರಳು ಹಾಗೇ ಕೂತಿದೆ.

ಗಲ್ಫಿನಿಂದ ತಿಂಗಳ ರಜೆಗೆ ಬರುವವರಿಗೆ ಇದು ಹೇಳಿ ಮಾಡಿಸಿದ್ದು: ಈ ರಜೆಯಲ್ಲಿ ಇಂಪ್ಲಾಂಟ್, ಮುಂದಿನ ರಜೆಯಲ್ಲಿ ಅದರ ಮೇಲಿನ ಕ್ಯಾಪ್ (ಕೃತಕ ಹಲ್ಲು). ಸಾಮಾನಿನ ಖರ್ಚು ಟ್ಯೂಬು, ಸೂಜಿ, ಹೊಲಿಗೆ ದಾರ ಸೇರಿ ಸಾವಿರ ದಾಟುವುದಿಲ್ಲ. ಮೊದಲು ಅರ್ಧ ಹಣ ಮಾತ್ರ ತೆಗೆದುಕೊಳ್ಳುತ್ತಿದ್ದೆ. ಕೆಲವರು ಕ್ಯಾಪನ್ನು ದುಬೈಯಲ್ಲೇ ಹಾಕಿಸಿಕೊಂಡು ಫೋಟೊ ಕಳುಹಿಸಿದರು, ಹಣ ಕಳುಹಿಸಲಿಲ್ಲ. ಈಗ ಮುಕ್ಕಾಲು ಮೊದಲೇ.